ಬೂದಿ ಬಣ್ಣ ಅಂತ ಬರೀಬ್ಯಾಡ್ರಿ

ಬೂದಿ ಬಣ್ಣ ಅಂತ ಬರೀಬ್ಯಾಡ್ರಿ ಮೇಡಂ.
ಅದು ಸಿಮೆಂಟ್ ಫ್ಯಾಕ್ಟರಿ ಧೂಳು.
ನಮ್ಮ ವಾಡಿಯೊಳಗ ಬೇವಿನ ಗಿಡಾನೂ ಬೂದಿ,
ಒಣಹಾಕಿದ ಸೀರೀನೂ ಬೂದಿ.
ಒದ್ದಿ ಕೈಲೆ ಒಮ್ಮೆ ಒರಸ್ರಿ, ಇಲ್ಲಿ, ಬೆನ್ನ ಮ್ಯಾಲ.
ನೋಡಿದ್ರಿಲ್ಲ?
ಹಂಚಿನ ತಳದಂಥ ಕರಿ.

ಬೀದರದಿಂದ ನಸುಕಿಗೆ ಬಿಟ್ಟು ಬಂದೀರಿ.
ನಮ್ಮನಿ ಚಾ ಕುಡೀತೀರೋ ಇಲ್ಲೋ,
ಇಟ್ಟೀನಿ.

ಕಿವಿ ತುದಿ ತೊಗರಿ ಬ್ಯಾಳಿಯಷ್ಟು ಕತ್ತರಿಸಿ
ಸೀಸೆದಾಗ ಹಾಕಿದ್ರ
ಅಜ್ಜ ಮುತ್ತಜ್ಜ ಎಲ್ಲಾ ಕಾಣ್ತಾರ ಅಂದ್ರಿ.
ಕಾಣಲಿ.
ನನ್ನತ್ತಿ ಮಾಪವ್ವಗ ಸೀಸೆ ಇರಲಿಲ್ಲ.
ಬೆಳ್ಳಿಚಿಕ್ಕಿ ಇದ್ದಾಗೇ ಎದ್ದು
ಫರ್ಸಿ ಮ್ಯಾಲ ಕುಂತು, ಕತ್ತಲಾಗ,
ಹೆಣ್ಣಮರಿ ಹೊಟ್ಟಿಗೆ ಬೆರಳಾಡಿಸಾಕಿ:
ಆ ಕಡಿ ಆರು, ಈ ಕಡಿ ಆರು ಮೊಲಿ, ಇರಲಿ.
ಐದೈದು, ಸಂತಿಗೆ.
ನಡುವ ಒಂದು ಕುರುಡು ಮೊಲಿ ಸಿಕ್ತಂದ್ರ
ಮಾತೇ ಇಲ್ಲ, ಎದ್ದು ಕೈ ತೊಳಕೊಂಡಳು.

ಮತ್ತೂ ನೋಡಾಕಿ.
ಮರಿ ಹಾಕೋ ಮುಂದ ಯಾವಾಕಿ
ಹುಲ್ಲು, ಕಾಗದ, ಹರಕ ಗೋಣಿ ಬಾಯಾಗ ತಂದು
ಗೂಡು ಕಟ್ಟತಾಳ,
ಮಲಗೋ ಮುಂದ ಮೊಳಕಾಲೂರಿ
ಸಾವಕಾಶ ಇಳೀತಾಳ,
ಆಕಿ ಮನಿಯಾಕಿ.
ಧೊಪ್ಪಂತ ಬಿದ್ದು ಎರಡು ಮರಿ ಹಿಸುಕಿದಾಕಿ
ಮುಂದಿನ ಅಮಾಸಿ ನೋಡತಿರಲಿಲ್ಲ.
ಹಂಗ ನಲವತ್ತು ವರ್ಷ.
ಓದಾಕ ಬರ್ತಿರಲಿಲ್ಲ ಆಕೀಗೆ,
ಆರಸಾಕ ಬರ್ತಿತ್ತು.

ಇಲಾಖೆದವರು ಬಿಳಿ ಗಂಡು ಕೊಟ್ಟಿದ್ರು ಒಮ್ಮೆ, ಸ್ಕೀಮಿನಾಗ.
ಏನು ಉದ್ದ, ಏನು ಗುಲಾಬಿ ಕಿವಿ!
ಸಾಹೇಬ ಅಂತಿದ್ವಿ.
ವೈಶಾಖದ ಬಿಸಿಲಿಗೆ ಸಾಹೇಬನ ತೊಗಲು
ಉಳ್ಳಾಗಡ್ಡಿ ಸಿಪ್ಪಿ ಎದ್ದಂಗ ಎದ್ದಿತು.
ಕೆಸರು ಬಳದೆ, ಒದ್ದಿ ಗೋಣಿ ಹೊಚ್ಚಿದೆ,
ರೋಹಿಣಿ ಮಳಿ ಬರೂತನ ತಡೀಲಿಲ್ಲ.
ಹೋಗೋದರಾಗ ಮೂರು ಹೆಣ್ಣಿಗೆ ಕೂಡಿದ್ದ.
ಹುಟ್ಟಿದ್ದೆಲ್ಲ ಬಿಳಿ!
ನಮ್ಮ ಕರಿ ಎಲ್ಲಿ ಹೋತೇ ಅಂತ
ಅತ್ತಿ ಎರಡು ದಿನ ಉಣ್ಣಲಿಲ್ಲ.
ಆ ಬಿಳಿ ಹೆಣ್ಣು ದೊಡ್ಡಾಗಿ ನಮ್ಮ ಕರಿ ಗಂಡಿಗೆ ಕೂಡಿ
ಮರಿ ಹಾಕಿದ್ರ,
ಅರ್ಧ ಮರಿ ಹಂಚಿನ ತಳ.
ಬಿಳಿದು ಕರೀದನ್ನ ನುಂಗಿತ್ತು, ಖರೆ,
ಅರಗಿಸಿಕೊಂಡಿರಲಿಲ್ಲ.
ಇದಕ್ಕ ನಿಮ್ಮ ಪುಸ್ತಕದಾಗ ಏನರ ಹೆಸರು ಇರ್ತದ.
ನಾವು ಬೆಲ್ಲ ಹಂಚಿದ್ವಿ.

ಪುರಸಭೆ ಟೆಂಪೋನೂ ಆರಸ್ತದ ಮೇಡಂ.
ಬಾ ಬಾ ಅಂದ್ರ ಬರೋ ಸಾದಾ ಜೀವ
ಮೊದಲ ಬಲಿಯಾಗ ಬಿದ್ದವು.
ಉಳಿದವು ನೋಡ್ರಿ,
ಗೇರ್ ಬದಲಿದ ಸಪ್ಪಳಕ್ಕ
ರೈಲ್ವೆ ಗೋಡಿ ಸಂದಿ ಹಾದು ಆ ಕಡಿ.
ನಾ ಕಲಿಸಿಲ್ಲ.
ಅವುಗಳ ಮರಿಗೂ ಕಲಿಸಿಲ್ಲ.

ಜ್ವರ ಬಂದ ವರ್ಷದ್ದು ಕೇಳಬ್ಯಾಡ್ರಿ.
ಮೂವತ್ತೆಂಟು ತಲಿ.
ಜೆಸಿಬಿ ಕುಣಿ ತೋಡಿತು, ಸುಣ್ಣ ಸುರುವಿದ್ರು.
ಉಳದಾಕಿ ಒಬ್ಬಾಕಿ, ಲಂಗಡಿ.
ಹಿಂದಿನ ಎಡಗಾಲಿನ ಗೊರಸು ಹುಟ್ಟಾ ಸೊಟ್ಟ.
ಅತ್ತಿ ಇದ್ದಿದ್ರ ಎಂದೋ ಸಂತಿಗೆ ಒಯ್ತಿದ್ದಳು.
ನಾ ಮರತಿದ್ದೆ,
ಅಷ್ಟ.
ಗಂಡು ಚಿತ್ತಾಪುರದ್ದು, ಉದ್ರಿ ತಂದಿದ್ದು,
ಈಗ ಇಲ್ಲಿ ಓಡಾಡೋ ಇಪ್ಪತ್ತೊಂದೂ ಆಕೀವೇ.
ನಿಮ್ಮ ಸೀಸೆದಾಗ ಬಗ್ಗಿ ನೋಡಿದ್ರ
ಅಜ್ಜ ಮುತ್ತಜ್ಜ ಯಾರೂ ಮೊದಲ ಕಾಣಂಗಿಲ್ಲ,
ಆಕೀನೇ ಕುಂಟಕೋತ ಬರ್ತಾಳ.

ತಳಿ?
ಆ ಖಾನೆದಾಗ ಏನು ಬರದ್ರಿ?
ಅವರ್ಣಿತ.
ಅಂದ್ರ?
ವರ್ಣಿಸಾಕ ಬಾರದ್ದು.
ಹೌದೇನ್ರಿ.
ಮುಂಜಾನಿಯಿಂದ ನಾ ಮಾಡಿದ್ದೇನು ಮತ್ತ?

ಇರಲಿ. ಚಾ ಆರತದ.
ಈಕೀನ ನಾ ಹಿಡೀತೀನಿ, ಕತ್ತರಿ ತಗೀರಿ.
ಬಲಗಿವಿ ಹರದದ್ದು ನಾಯಿ ಕಡದು,
ವಂಶದಾಗ ಬರೀಬ್ಯಾಡ್ರಿ.
ಗೊರಸು ಸೊಟ್ಟ ಅದಲ್ಲ, ಅದನ್ನ ಬರೀರಿ.
ಒದರತಾಳ, ಜಂಕ್ಷನ್ ಪೂರ್ತಿ ಕೇಳೋಹಂಗ,
ನೀವು ಅಂಜಬ್ಯಾಡ್ರಿ.
ಅರಿಶಿಣ ನನ್ನ ಕಡಿ ಅದ.